ಹುಳುಮನೆಯ ಕಂಪ್ಯೂಟರು

ನಾನು ಹುಟ್ಟಿ ಬೆಳೆದದ್ದೂ, ಮದುವೆಯಾಗಿ ಸೇರು ಒದ್ದು ಒಳಗೆ ಬಂದದ್ದೂ ಒಂದೇ ಮನೆಗೆ. ಗೌನಿಪಲ್ಲಿ ಕಡೆಯ ನಮ್ಮೂರಿನಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ. ಅಕ್ಕನ ಮಗಳನ್ನು ತಮ್ಮ ಮಾಡಿಕೊಳ್ಳುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದೇ. ಹೆರಿಗೆಗೆಂದು ತವರಿಗೆ ಬಂದ ನನ್ನ ಅಮ್ಮ ನನ್ನನ್ನು ಹೆತ್ತು ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆ ಮಾಡಿಕೊಂಡು ನನ್ನ ಮರೆತ. ನಾನು ಅವ್ವನ ಮನೆಯಲ್ಲಿ, ಎಂದರೆ ಅಮ್ಮನ ತಾಯಿಯ ಮನೆಯಲ್ಲಿ, ಉಳಿದೆ. ಬೇರೆ ಹೆಣ್ಣುಮಕ್ಕಳು ಅಳುತ್ತಾ ಹೊಸಿಲು ದಾಟಿ ಇನ್ನೊಂದು ಊರಿಗೆ ಹೋಗುತ್ತಾರೆ. ನಾನು ಹೊಸಿಲು ದಾಟಿ ಹೊರಗೆ ಹೋಗಿ, ಗುಡಿ ಸುತ್ತಿ, ಅದೇ ಹೊಸಿಲು ದಾಟಿ ಒಳಗೆ ಬಂದೆ. ಅಳುವುದಕ್ಕೂ ದಾರಿ ಸಾಲಲಿಲ್ಲ.

ಆ ಮನೆಯ ಬಡಗಣ ಕೋಣೆಗೆ ಹುಳುಮನೆ ಎಂದು ಹೆಸರು. ರೇಷ್ಮೆ ಹುಳು ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಹಿಪ್ಪುನೇರಳೆ ಕಿತ್ತು ಮಾವು ಇಟ್ಟಾಯಿತು, ಹೆಸರು ಮಾತ್ರ ಹೋಗಲಿಲ್ಲ. ಈಗ ಆ ಕೋಣೆಯಲ್ಲಿ ನನ್ನ ಮೊಮ್ಮಗಳು ಸಿಂಧು ತಾನೇ ಒಂದೊಂದು ಭಾಗ ಆರಿಸಿ ತಂದು ಜೋಡಿಸಿದ ಕಂಪ್ಯೂಟರು ಕೂತಿದೆ. ಲೆಕ್ಕ ಬರೆಯುವುದಕ್ಕಲ್ಲ, ಅರ್ಜಿ ಹಾಕುವುದಕ್ಕಲ್ಲ, ಆಟ ಆಡುವುದಕ್ಕೆ. ಈ ಮಾತು ಬರೆಯುವಾಗ ನನಗೆ ಹಾಲು ಉಕ್ಕಿದ ಹಾಗೆ ಸಂತೋಷ ಉಕ್ಕುತ್ತದೆ. ಉಕ್ಕಿದ ಹಾಲು ಒಲೆಯ ಮೇಲೆ ಬಿದ್ದರೆ ಸೀದ ವಾಸನೆಯೂ ಬರುತ್ತದೆ. ಅದನ್ನೂ ಬರೆಯುತ್ತೇನೆ, ಬಿಡುವುದಿಲ್ಲ.

ನಾನು ಚಿಕ್ಕವಳಿದ್ದಾಗ ಆ ಕೋಣೆ ಮನುಷ್ಯರದ್ದಲ್ಲ, ಹುಳುಗಳದ್ದು. ನೆಲದಿಂದ ಅಟ್ಟದವರೆಗೆ ಬಿದಿರಿನ ತಟ್ಟೆಗಳು. ಇರುವೆ ಹತ್ತದಿರಲೆಂದು ತಟ್ಟೆ ಹೊತ್ತ ಸ್ಟ್ಯಾಂಡಿನ ಒಂದೊಂದು ಕಾಲೂ ನೀರು ತುಂಬಿದ ಬಟ್ಟಲಲ್ಲಿ ನಿಂತಿರುತ್ತಿತ್ತು. ಬೇಸಿಗೆಯಲ್ಲಿ ಗೋಡೆಗೆಲ್ಲ ಒದ್ದೆ ಗೋಣಿತಾಟು, ಚಳಿಯಲ್ಲಿ ಇದ್ದಿಲಿನ ಕೆಂಡ ತುಂಬಿದ ಕುಂಪಟಿ. ನಾವು ಜಗಲಿಯಲ್ಲಿ ಚಾಪೆ ಹಾಸಿಕೊಂಡು ನಡುಗುತ್ತಿದ್ದರೆ ಹುಳುಗಳು ಬೆಚ್ಚಗಿರುತ್ತಿದ್ದವು. ಅವಕ್ಕೆ ಘಾಟು ಆಗದೆಂದು ಅವು ಇದ್ದಷ್ಟು ದಿನ ಸಾರಿಗೆ ಒಗ್ಗರಣೆ ಇಲ್ಲ, ದೇವರಿಗೆ ಊದುಬತ್ತಿ ಇಲ್ಲ, ತಲೆಗೆ ಹೂವಿಲ್ಲ. ಮುದ್ದೆ, ಹುರುಳಿಕಟ್ಟು, ಉಪ್ಪು. ಹುಳುಗಳಿಗೆ ಸೊಪ್ಪು ಹಾಕದೆ ನಾವು ಉಣ್ಣುವ ಹಾಗಿರಲಿಲ್ಲ. ಹುಳು ಪೊರೆ ಬಿಡಲು ಮೇವು ಮುಟ್ಟದೆ ತಲೆಯೆತ್ತಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅವಕ್ಕೆ ಜ್ವರ ಬಂದರೆ ಅವ್ವ ತುದಿಗಾಲಲ್ಲಿ ನಡೆಯುತ್ತಿದ್ದಳು. ನನಗೆ ಜ್ವರ ಬಂದರೆ, ಸೊಪ್ಪು ಹೆಚ್ಚುವ ಕೆಲಸ ತಪ್ಪಿಸಿಕೊಳ್ಳಲು ಕಳ್ಳಾಟ ಎನ್ನುತ್ತಿದ್ದಳು.

ಅವ್ವನ ಕೆಳಗೆ ಮನೆಯಲ್ಲಿ ದೊಡ್ಡಮಾವ, ಅವನ ಹೆಂಡತಿ ದೊಡ್ಡತ್ತೆ, ಇನ್ನೂ ಮೀಸೆ ಮೂಡುತ್ತಿದ್ದ ಚಿಕ್ಕಮಾವ ಕಿಟ್ಟಪ್ಪ. ಎಲ್ಲರಿಗಿಂತ ಕೆಳಗೆ ನಾನು. ಅವ್ವನಿಗೆ ಒಂದು ನಂಬಿಕೆ ಇತ್ತು. ಹುಳು ಮನೆಯಲ್ಲಿರುವಾಗ ಅಳಗುಳಿ ಮಣೆ ತೆಗೆಯಬಾರದು. ಅದು ಗುಳಿಯ ಬೀಜ ಬರಿದು ಮಾಡುವ ಆಟ, ಆಡಿದರೆ ಹುಳು ಕಟ್ಟುವ ಗೂಡೂ ಬರಿದಾಗುತ್ತದೆ ಎನ್ನುವಳು. ಒಂದು ಬೆಳೆ ಇಳಿಯುತ್ತಿದ್ದ ಹಾಗೆ ಇನ್ನೊಂದು ಬೆಳೆ ಏರುತ್ತಿದ್ದ ಮನೆ ಅದು. ಆಟಕ್ಕೆ ಹೊತ್ತೇ ಇರಲಿಲ್ಲ. ಮುರಿದ ಸ್ಟ್ಯಾಂಡಿನ ಹಲಗೆಯೊಂದನ್ನು ನಾನು ಹಿತ್ತಲಿಗೆ ಕದ್ದೊಯ್ದು, ಕುಡುಗೋಲಿನ ತುದಿಯಿಂದ ಸಾಲಿಗೆ ಏಳರಂತೆ ಗುಳಿ ಕೆತ್ತಿದೆ. ಬೀಜ ಆರಿಸುವುದಕ್ಕೇ ಎಷ್ಟೋ ದಿನ ಹಿಡಿಯಿತು. ಬೇವಿನ ಬೀಜ ಹಗುರ, ಗಾಳಿಗೆ ಹಾರುತ್ತದೆ. ಹುಣಸೆ ಬೀಜ ದಪ್ಪ, ನನ್ನ ಚಿಕ್ಕ ಗುಳಿಗೆ ನಾಲ್ಕೇ ತುಂಬಿಬಿಡುತ್ತಿದ್ದವು. ಕೊನೆಗೆ ಸೀತಾಫಲದ ಬೀಜ ಸರಿಹೋಯಿತು. ಕಪ್ಪಗೆ, ನುಣ್ಣಗೆ, ಎಲ್ಲ ಒಂದೇ ಅಳತೆ. ಜೊತೆಗೆ ಆಡುವವರು ಯಾರೂ ಇಲ್ಲ. ಹುಲ್ಲಿನ ಮೆದೆಯ ಹಿಂದೆ ಕೂತು ಬಲಗೈಗೂ ಎಡಗೈಗೂ ಪಂದ್ಯ ಹಚ್ಚುತ್ತಿದ್ದೆ. ಎಡಗೈ ಸೋತರೆ ಅದಕ್ಕೆ ಪಾಪ ಅನ್ನಿಸಿ ಇನ್ನೊಂದು ಆಟ.

ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಬೆರಳು ದಪ್ಪ ಇರುತ್ತದೆ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಸೊಪ್ಪು ಕೊಯ್ದು ತರುವುದು ಚಿಕ್ಕಮಾವನ ಪಾಲಿನ ಕೆಲಸ. ಹೆಚ್ಚಿ ಹಾಕುವುದು ನನ್ನದು. ಅಂಥ ಒಂದು ಬೆಳಗ್ಗೆ ಎದ್ದು ನೋಡಿದರೆ ತಟ್ಟೆ ತಟ್ಟೆಯಲ್ಲೂ ಹುಳು ತಲೆ ಅಲ್ಲಾಡಿಸುತ್ತಾ, ಮೈ ಮುದುರಿಕೊಂಡು, ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿವೆ. ಮಧ್ಯಾಹ್ನದ ಹೊತ್ತಿಗೆ ಅಲುಗುವುದು ನಿಂತಿತು. ಹುಳು ಮೇಯುವ ಸರಸರ ಸದ್ದು ತುಂಬಿರುತ್ತಿದ್ದ ಆ ಕೋಣೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ದೊಡ್ಡತ್ತೆ ಮನೆಯೆಲ್ಲ ಹುಡುಕಿ, ಹಿತ್ತಲೆಲ್ಲ ಹುಡುಕಿ, ನನ್ನ ಹಲಗೆಯನ್ನು ತಂದು ಅವ್ವನ ಮುಂದೆ ಎಸೆದಳು. ಸಿಟ್ಟು ಬಂದರೆ ಅವ್ವನ ಬಾಯಿಗೆ ತೆಲುಗೇ ಬರುವುದು.

"ಇದಿ ಎವರಿದಿ?" ಯಾರದ್ದಿದು ಎಂದು ಕೇಳಿದ್ದು.

"ನಂದು," ಅಂದೆ.

"ಹುಳ ಇರುವಾಗ ಆಡ್ದ್ಯಾ?"

"ಆಡ್ದೆ."

"ಹೆತ್ತ ತಾಯಿನ ತಿಂದ್ಲು. ಈಗ ಗೂಡು ತಿಂದ್ಲು," ಅಂದಳು ದೊಡ್ಡತ್ತೆ.

ದೊಡ್ಡಮಾವ ಹಿಪ್ಪುನೇರಳೆಯ ಬರಲು, ಎಂದರೆ ಎಲೆ ಕಿತ್ತ ಕಡ್ಡಿ, ತೆಗೆದುಕೊಂಡ. ಹಸಿ ಬರಲು ಬಾಗುತ್ತದೆ, ಮುರಿಯುವುದಿಲ್ಲ. ಹಲಗೆ ಆವತ್ತಿನ ಹುರುಳಿ ಬೇಯಿಸುವ ಒಲೆಗೆ ಹೋಯಿತು. ಚಿಕ್ಕಮಾವ ಸೊಪ್ಪು ತರುವ ಮಂಕರಿ ಖಾಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಅವನೊಬ್ಬನೇ ನನಗೆ ಬೈಯಲಿಲ್ಲ. ಅದನ್ನು ನಾನು ಎದೆಯಲ್ಲಿ ಬರೆದಿಟ್ಟುಕೊಂಡೆ, ಇವನೊಬ್ಬ ಒಳ್ಳೆಯವನೆಂದು.

ಐದನೇ ಕ್ಲಾಸಿಗೆ ಇಸ್ಕೂಲು ನಿಂತಿತು. "ಇವ್ಳು ಓದಿ ಸಾಕು, ಸೊಪ್ಪು ಹೆಚ್ಲಿ," ಅಂದ ದೊಡ್ಡಮಾವ. ಮನೆಯಲ್ಲಿ ನನ್ನ ಹೆಸರು ರತ್ನಿ ಹೋಗಿ ಗೂಡು ತಿಂದೋಳು ಎಂದಾಯಿತು. ಹೊಸ ಬೆಳೆ ಏರಿಸುವ ದಿನ ನನ್ನನ್ನು ಕೋಣೆಯೊಳಗೆ ಬಿಡುತ್ತಿರಲಿಲ್ಲ. ಹೊರಗೆ ಕೂತು ಸೊಪ್ಪು ಹೆಚ್ಚಿ ಹೊಸಿಲಿನ ಮೇಲೆ ಇಡಬೇಕು. ದೊಡ್ಡವಳಾದ ಮೇಲೆ ಮಾಲೂರಿನಿಂದ ನನ್ನ ನೋಡಲು ಬಂದರು, ಹೂವಿನ ತೋಟದವರು. ಹುಡುಗ ನನ್ನ ಕಡೆ ನೋಡಿ ಒಂದು ಸಲ ನಕ್ಕ. ದೊಡ್ಡತ್ತೆ ನೀರಿನ ಚೊಂಬು ಇಡುತ್ತಾ ಹುಡುಗನ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಅವರು ಎಲೆಅಡಿಕೆ ಮುಟ್ಟದೆ ಎದ್ದು ಹೋದರು. ಆಮೇಲೆ ಅವ್ವ ಊರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಇವ್ಳನ್ನ ಇನ್ಯಾರು ಮಾಡ್ಕೊಂತಾರೆ? ನನ್ನ ಕಿಟ್ಟ ದೊಡ್ಡ ಮನಸ್ಸು ಮಾಡ್ದ."

ಆ ದೊಡ್ಡ ಮನಸ್ಸಿನ ಅನ್ನವನ್ನೇ ನಾನು ಇಷ್ಟು ಕಾಲ ಉಂಡದ್ದು. ಮಾವನಿಗೆ (ಗಂಡನನ್ನು ನಾನು ಈಗಲೂ ಮಾವ ಎಂದೇ ಕರೆಯುವುದು) ಬಿಸಿ ಮುದ್ದೆ ಮೊದಲು, ಸಾರಿನ ಮೇಲಿನ ತಿಳಿ ಅಲ್ಲ, ತಳದ ಗಟ್ಟಿ. ಅವನು ಕೈ ಎತ್ತಿದರೂ ಎದುರು ಮಾತಾಡಲಿಲ್ಲ. ಕಳಂಕ ಹೊತ್ತವಳನ್ನು ಕಟ್ಟಿಕೊಂಡವನು ಎಂದು. ನನ್ನ ಆಟದಿಂದಲೇ ಹುಳು ಸತ್ತವು ಎಂದು ಅರ್ಧ ನಂಬಿಕೆ, ಅರ್ಧ ಇಲ್ಲ. ಈ ಮನೆಯಲ್ಲಿ ಯಾರಾದರೂ ಒಬ್ಬರು ಬಾಯಿ ಬಿಟ್ಟು "ನೀನಲ್ಲ ಕಣೇ" ಅಂದಿದ್ದರೆ ಸಾಕಿತ್ತು. ಕಾಯುತ್ತಾ ಮುದುಕಿಯಾದೆ.

ಈಗ ಸಿಂಧು. ಅವಳು ಕೋಲಾರದಲ್ಲಿ ಡಿಪ್ಲೊಮಾ ಓದುತ್ತಾಳೆ. ಅವಳ ಅಪ್ಪ, ಅಮ್ಮ, ಎಂದರೆ ನನ್ನ ಮಗ, ಸೊಸೆ, ಇಬ್ಬರೂ ಕಾರ್ಖಾನೆಯ ಶಿಫ್ಟಿಗೆ ಹೋಗುವವರು. ಹಾಗಾಗಿ ಹುಡುಗಿ ನನ್ನ ಸೆರಗು ಹಿಡಿದುಕೊಂಡೇ ಬೆಳೆದದ್ದು. ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ವಿಂಗಡಿಸಲು ಹೋಗಿ ದುಡಿದು ತಂದಳು. ಅಷ್ಟರಲ್ಲೇ ಕಂಪ್ಯೂಟರು ಆಗಬೇಕು, ಮನೆಯಲ್ಲಿ ಕೇಳುವುದಿಲ್ಲ ಎಂದು ಹಟ. ರೆಡಿ ಮಾಡಿದ್ದು ತಂದರೆ ಆಟಕ್ಕೆ ಆಗುವಂಥದ್ದು ಕೈಗೆ ಎಟುಕದಂತೆ, ಬಿಡಿಬಿಡಿಯಾಗಿ ಆರಿಸಿ ಜೋಡಿಸಿದರೆ ಎಟುಕುತ್ತದಂತೆ. ನಾನು ಅವರೆಕಾಯಿ ಸುಲಿಯುತ್ತಾ ಕೂತರೆ ಪಕ್ಕದಲ್ಲಿ ಕೂತು ಫೋನು ಉಜ್ಜುತ್ತಾ ನನ್ನನ್ನೇ ಕೇಳುವಳು.

"ಅಜ್ಜಿ, ಪ್ರೊಸೆಸರ್ ಒಂದು ಮೆಟ್ಲು ಕೆಳಗಿಳಿದ್ರೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬರುತ್ತೆ. ಏನ್ಮಾಡ್ಲಿ?"

"ಅದ್ರ ಕೆಲ್ಸ ಏನು, ಇದ್ರ ಕೆಲ್ಸ ಏನು?"

"ಅದು ಯೋಚ್ನೆ ಮಾಡುತ್ತೆ, ಇದು ಚಿತ್ರ ಬಿಡಿಸುತ್ತೆ. ಆಟಕ್ಕೆ ಚಿತ್ರಾನೇ ಮುಖ್ಯ."

"ಹಂಗಾದ್ರೆ ಯೋಚ್ನೆ ಸ್ವಲ್ಪ ಕಮ್ಮಿ ಇರ್ಲಿ ಬಿಡು, ಈ ಮನೇಲಿ ಯೋಚ್ನೆ ಮಾಡಿ ಯಾರು ಉದ್ಧಾರ ಆಗವ್ರೆ."

ಹುಡುಗಿ ನಗುತ್ತಾ ನನ್ನ ಮಾತನ್ನೇ ಹಿಡಿದಳು. ಮುಳಬಾಗಿಲಿನಲ್ಲಿ ಒಬ್ಬ ಹುಡುಗ ತನ್ನ ಹಳೆಯ ಕಾರ್ಡು ಮಾರುತ್ತಾನೆಂದು ಇಬ್ಬರೂ ಬಸ್ಸು ಹತ್ತಿ ಹೋದೆವು, ಗಂಡು ನೋಡಲು ಹೋದವರ ಹಾಗೆ. ಸಿಂಧು ಅವನ ಮನೆಯಲ್ಲೇ ಅದರಲ್ಲಿ ಆಟ ಓಡಿಸಿದಳು, ಬಿಸಿ ಎಷ್ಟೇರುತ್ತದೆಂದು ನೋಡಿದಳು, ಫ್ಯಾನಿನ ಹತ್ತಿರ ಕಿವಿ ಇಟ್ಟು ಕೇಳಿದಳು, ಆಮೇಲೆ ಚೌಕಾಶಿ. ಕೋಲಾರದ ಅಂಗಡಿಯವನು ಬಣ್ಣಬಣ್ಣದ ದೀಪದ ಕ್ಯಾಬಿನೆಟ್ಟು, ಅಂದರೆ ಎಲ್ಲವನ್ನೂ ಒಳಗಿಡುವ ಡಬ್ಬ, ತೆಗೆದು ತೋರಿಸಿದ. "ಬಣ್ಣ ಬೇಡ ಅಂಕಲ್, ಮುಂದ್ಗಡೆ ಜಾಲರಿ ಇರೋದು ಕೊಡಿ, ಗಾಳಿ ಆಡ್ಲಿ," ಅಂದಳು. ನನ್ನ ಎದೆ ಹಿಗ್ಗಿ ರವಿಕೆ ಬಿಗಿಯಾಯಿತು. ಹತ್ತು ತುಂಬದ ವಯಸ್ಸಿನಲ್ಲಿ ಬೀಜ ಆರಿಸಿದ್ದಕ್ಕೆ ನನಗೆ ಬರಲಿನ ಏಟು ಬಿತ್ತು. ಇವಳು ದೊಡ್ಡ ಅಂಗಡಿಯಲ್ಲಿ ನಿಂತು ಅದು ಬೇಡ ಇದು ಕೊಡಿ ಎನ್ನುತ್ತಾಳೆ, ಅಂಗಡಿಯವನು ಮೇಡಂ ಎನ್ನುತ್ತಾನೆ.

ಮನೆಗೆ ಬಂದರೆ ದೊಡ್ಡತ್ತೆ. ಅವಳಿನ್ನೂ ಇದ್ದಾಳೆ, ಮನೆಯ ಇನ್ನೊಂದು ಭಾಗದಲ್ಲಿ. ಹಲ್ಲು ಹೋಗಿದೆ, ನಾಲಿಗೆ ಹೋಗಿಲ್ಲ. ಡಬ್ಬ ನೋಡಿ ಜಗಲಿಯಿಂದಲೇ ಅಂದಳು: "ಹೆಣ್ಣುಹುಡುಗಿ ಆಟ ಆಡೋಕೆ ಯಂತ್ರ ತಂದವ್ಳೆ. ಗೂಡು ತಿಂದೋಳ ಮೊಮ್ಮಗಳಲ್ವಾ, ಇನ್ನೇನು ತಿಂತಾಳೋ." ಅಂದರೆ ಹೆಸರು ನನ್ನಲ್ಲಿಗೆ ನಿಲ್ಲಲಿಲ್ಲ, ಹುಡುಗಿಗೂ ಅಂಟುತ್ತಿದೆ. ಏನದು ಗೂಡು ತಿಂದೋಳು ಎಂದು ಸಿಂಧು ಕೇಳಿದಳು. ಹುಳುಮನೆಯ ನೆಲದ ಮೇಲೆ ಭಾಗಗಳನ್ನೆಲ್ಲ ಹರಡಿಕೊಂಡು ಕೂತಿದ್ದಾಗ ಅವಳಿಗೆ ಎಲ್ಲ ಹೇಳಿದೆ. ಮಾವ ಅಲ್ಲೇ ಮಂಚದ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ಅವನು ಕೇಳಿಸಿಕೊಂಡನೋ ಇಲ್ಲವೋ. ಸಿಂಧು ಒಂದು ಕಬ್ಬಿಣದ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. ಅದಕ್ಕೆ ಎಸ್‌ಎಂಪಿಎಸ್ ಅನ್ನುತ್ತಾರೆ, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವುದು ಅದು.

"ಇದು ಹಾಕಲ್ಲ," ಅಂದಳು. "ಡಬ್ಬದ ಜೊತೆ ಫ್ರೀ ಕೊಟ್ಟಿದ್ದು. ಬೇರೆ ಒಳ್ಳೇದು ತರ್ತೀನಿ."

ಮಾವ ಬೀಡಿ ಬಾಯಿಂದ ತೆಗೆದ. "ಫ್ರೀ ಬಂದಿದ್ದು ಬಿಟ್ಟು ದುಡ್ಡು ಕೊಟ್ಟು ತರ್ತೀಯಾ? ತಿಕ್ಕಲಾ ನಿಂಗೆ?"

"ಮಾನಿಟರ್ ಬೇಡ ತಾತ, ಮನೇಲಿರೋ ಟೀವಿ ಹಾಕ್ಕೊತೀನಿ. ಎಲ್ಲಾದ್ರಲ್ಲೂ ಮಿಗಿಸ್ಬೋದು, ಇದ್ರಲ್ಲಿ ಮಿಗಿಸ್ಬಾರ್ದು. ಎಲ್ಲಾದಕ್ಕೂ ಊಟ ಹಾಕೋದು ಇದು. ಇದು ಕೆಟ್ರೆ ತಾನೊಂದೇ ಹೋಗಲ್ಲ, ಬೋರ್ಡು ಕಾರ್ಡು ಎಲ್ಲಾನೂ ಸುಟ್ಟಾಕುತ್ತೆ. ಆಮೇಲೆ ಮನೇವ್ರು ಬೈಯೋದು ಯಾರ್ಗೆ? ಆಟ ಆಡ್ದೋಳ್ಗೆ."

ಮಾವ ನಕ್ಕ. "ಸೊಪ್ಪಿದ್ದಂಗೆ ಅನ್ನು."

"ಯಾವ ಸೊಪ್ಪು?" ನಾನು ಕೇಳಿದೆ.

"ಅದೇ ಕಣೇ, ನೀನು ಈಗ ಹೇಳ್ತಿದ್ಯಲ್ಲ, ಹುಳ ಸತ್ತಿದ್ದು. ಕೆರೆ ಆಚೆ ತೋಟಕ್ಕೆ ಹೋಗೋಕೆ ಸೋಮಾರಿತನ ನಂಗೆ. ಪಕ್ಕದೋರ ಟೊಮೊಟೊ ಬದುವಿಗೆ ಅಂಟ್ಕೊಂಡು ನಮ್ದು ಎರಡು ಸಾಲಿತ್ತಲ್ಲ, ಅಲ್ಲೇ ಕೊಯ್ದು ತುಂಬ್ಕೊಂಡು ಬಂದೆ. ಆವತ್ತೇ ಅವ್ರು ಔಷಧಿ ಹೊಡ್ದಿದ್ರು. ವಾಸ್ನೆ ಬಂತು. ಏನೂ ಆಗಲ್ಲ ಅಂದ್ಕೊಂಡೆ."

ಕೈಯಲ್ಲಿ ಸಿಂಧು ಕೊಟ್ಟಿದ್ದ ಸ್ಕ್ರೂಗಳಿದ್ದವು. ಮುಷ್ಟಿ ಬಿಗಿಹಿಡಿದೆ. ಅಂಗೈಗೆ ಚುಚ್ಚಿದ್ದು ಆಮೇಲೆ ಗೊತ್ತಾಯಿತು.

"ಹೇಳ್ಳಿಲ್ಲ ನೀನು."

"ಅಣ್ಣ ಕೊಂದಾಕ್ತಿದ್ದ."

"ನನ್ನ ಹೊಡ್ದಾಗ ನೋಡ್ತಾ ನಿಂತಿದ್ದೆ."

"ಚಿಕ್ಕ ವಯಸ್ಸು ಕಣೇ."

"ನಿಮ್ಮಣ್ಣ ಮಣ್ಣಾಗಿ ಎಷ್ಟು ಕಾಲ ಆಯ್ತು ಮಾವ?"

ಅವನು ಬೂದಿ ಕೊಡವಿದ. ಮುಖದಲ್ಲಿ ಒಂಥರಾ ನಾಚಿಕೆಯ ನಗು, ಮದುವಣಿಗನದ್ದು. "ಮಾಲೂರಿನೋರು ಬಂದಾಗ ನಿಜವಾಗ್ಲೂ ಬಾಯಿವರೆಗೂ ಬಂತು. ಹೇಳಿದ್ದಿದ್ರೆ ಅವ್ರು ನಿನ್ನ ಒಪ್ಕೊಂಡು ಕರ್ಕೊಂಡು ಹೋಗ್ಬಿಡೋರು. ಆಮೇಲೆ ನಂಗ್ಯಾರು ಕೊಡೋರು ನಿನ್ನ?"

ಬಂಗಾರದ ಓಲೆ ತಂದು ಕೈಯಲ್ಲಿಟ್ಟವನ ಹಾಗೆ ನನ್ನ ಮುಖ ನೋಡಿದ. ನಾನು ನಾಚಿಕೊಳ್ಳುತ್ತೇನೆಂದು ಕಾದ. ಅವನ ದೊಡ್ಡ ಮನಸ್ಸಿಗೆ ಬಿಸಿ ಮುದ್ದೆ ಬಡಿಸಿದ ಕೈ ಇದು. ಏಟು ತಿಂದೂ ಸುಮ್ಮನಿದ್ದ ಬಾಯಿ ಇದು. ಬಾಯಲ್ಲಿ ಹಾಗಲಕಾಯಿ ಅಗಿದ ರುಚಿ ಬಂತು. ಸಿಂಧು ಒಮ್ಮೆ ನನ್ನ ನೋಡಿದಳು, ಒಮ್ಮೆ ಅವನ ನೋಡಿದಳು.

"ತಾತ, ಅಜ್ಜಿಗೆ ಫ್ರೀ ಬಂದಿದ್ದು ನೀನೇ," ಅಂದಳು.

ಮಾವನ ತೋಳು ಹಿಡಿದು ಎಬ್ಬಿಸಿ ಜಗಲಿಗೆ ಕರೆದುಕೊಂಡು ಹೋದೆ. ದೊಡ್ಡತ್ತೆಯ ಮುಂದೆ ನಿಲ್ಲಿಸಿ, ಹೇಳು ಅಂದೆ. ಅವನು ತೊದಲಿ ತೊದಲಿ ಹೇಳಿದ. ಮುದುಕಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡು," ಅಂದಳು. "ಸತ್ತ ಹುಳ ಗುಡಿಸಿ ಗುಂಡಿಗೆ ಹಾಕಿದೋಳು ನಾನು. ತಟ್ಟೆ ತುಂಬ ಹಸಿರು ಕಕ್ಕಿದ್ವು. ಔಷಧಿ ಸೊಪ್ಪು ತಿಂದ್ರೇನೇ ಹಂಗೆ ಕಕ್ಕೋದು. ನಿಮ್ಮವ್ವಂಗೂ ಗೊತ್ತಿತ್ತು, ಅವ್ರಿಗೂ ಗೊತ್ತಿತ್ತು." ಅವರು ಎಂದರೆ ದೊಡ್ಡಮಾವ.

"ಗೊತ್ತಿದ್ದೂ ನನ್ನ ಯಾಕೆ ಹೊಡೆದ್ರಿ?"

"ಯಾರ ಮೇಲಾದ್ರೂ ಹಾಕ್ಬೇಕಲ್ಲ. ಅವ್ನು ಗಂಡು, ನಾಳೆ ಭಾಗ ಕೇಳೋನು, ಮುನಿಸ್ಕೊಂಡ್ರೆ ಮನೆ ಒಡೆಯುತ್ತೆ. ನೀನು ಎಲ್ಲಿಗೆ ಹೋಗ್ತಿದ್ದೆ, ತಾಯಿಲ್ದೋಳು?" ಎಲೆ ಮಡಿಸಿ ದವಡೆಗೆ ಇಟ್ಟುಕೊಂಡಳು. "ಈಗೇನಾಯ್ತು, ಚೆನ್ನಾಗೇ ಇದೀಯಲ್ಲ."

ಕಾದ ಮಾತು ಬಂತು. ಬಂದ ರೀತಿ ಹೀಗೆ. ಮನೆ ಒಡೆಯಬಾರದೆಂದು ನನ್ನನ್ನು ಒಡೆದರು, ನಾಲ್ಕು ಜನ ಸೇರಿ, ಗೊತ್ತಿದ್ದೂ. ಆವತ್ತು ನಾನು ಒಲೆ ಹಚ್ಚಲಿಲ್ಲ. ಮಗ ಸೊಸೆ ಶಿಫ್ಟು ಮುಗಿಸಿ ಬಂದು ಹೋಟೆಲಿನಿಂದ ತಂದರು.

ಒಳ್ಳೆಯ ಎಸ್‌ಎಂಪಿಎಸ್ ಬಂತು. ಸಿಂಧು ಒಂದು ಇಡೀ ಭಾನುವಾರ ನೆಲದ ಮೇಲೆ ಮಂಡಿ ಊರಿ ಜೋಡಿಸಿದಳು. ಪ್ರೊಸೆಸರ್ ಕೂರಿಸುವಾಗ ಉಸಿರು ಬಿಗಿಹಿಡಿದಿದ್ದಳು, ನಾನೂ ಹಿಡಿದಿದ್ದೆ. ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗಿತು, ಟೀವಿಯಲ್ಲಿ ಬೆಳಕು ಬಂತು. ಹುಡುಗಿ ನನ್ನನ್ನು ತಬ್ಬಿ ಎತ್ತಿ ಒಂದು ಸುತ್ತು ತಿರುಗಿಸಿದಳು. ಮೊದಲ ಆಟ ನನ್ನದೇ ಆಗಬೇಕೆಂದಳು. ಕಾರು ಓಡಿಸುವ ಆಟ. ನಾನು ಗೋಡೆಗೆ ಗುದ್ದಿದೆ, ಮರಕ್ಕೆ ಗುದ್ದಿದೆ. "ನಂಗಲಿ ರಸ್ತೆ ಲಾರಿಯೋರೇ ವಾಸಿ ಅಜ್ಜಿ," ಅಂದಳು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಅಷ್ಟು ನಕ್ಕದ್ದು ಈ ಮನೆಯಲ್ಲಿ ಮೊದಲು. ಮಾವ ಬಾಗಿಲಲ್ಲಿ ನಿಂತು, "ನಂಗೂ ಒಂದಾಟ ಕೊಡ್ರೇ," ಅಂದ.

ನಾನು ಒಂದು ಶರತ್ತು ಹಾಕಿದೆ. ಮನೆಗೆ ಹೊಸದೇನು ಬಂದರೂ ಊರವರು ನೋಡಲು ಬರುವುದು ನಮ್ಮಲ್ಲಿ ರೂಢಿ. ಹಾಗೆ ಬಂದವರಿಗೆ ಕಂಪ್ಯೂಟರು ತೋರಿಸುವ ಮುಂಚೆ ಮಾವ ಸೊಪ್ಪಿನ ವಿಷಯ ಹೇಳಬೇಕು, ನನ್ನೆದುರಿಗೇ. ಹೇಳಿದ ದಿನ ಅವನ ಮುದ್ದೆ ತಟ್ಟೆಗೆ ಬರುತ್ತದೆ. ಇಲ್ಲದಿದ್ದರೆ ಅವನೇ ತಿರುವಿಕೊಳ್ಳಲಿ. ಅಯ್ಯೋ ಪಾಪ, ವಯಸ್ಸಾದವನು ಎಂದು ಸೊಸೆ ಅಂದಳು. ನನಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ ಅಂದೆ.

ನಿನ್ನೆ ಡೈರಿಗೆ ಹಾಲು ಹಾಕುವ ಪದ್ಮಕ್ಕ ಬಂದಳು. ಸಿಂಧು ಕುರ್ಚಿ ಹಾಕಿದಳು, ನಾನು ಕಾಫಿ ತಂದೆ. ಮಾವ ಡಬ್ಬದ ಜಾಲರಿ ತೋರಿಸುತ್ತಾ, ಗಾಳಿ ಆಡಲಿ ಅಂತ ಇದು, ಎಂದು ಶುರು ಮಾಡಿ ನನ್ನ ಮುಖ ನೋಡಿದ. ನಾನು ಕಾಫಿ ಲೋಟ ಕೈಯಲ್ಲೇ ಇಟ್ಟುಕೊಂಡು ನಿಂತಿದ್ದೆ.

"ಆವತ್ತು ಹುಳ ಸತ್ತಿದ್ದು ಇವ್ಳಿಂದ ಅಲ್ಲ ಪದ್ಮಕ್ಕ," ಅಂದ ನೆಲ ನೋಡುತ್ತಾ. "ನಾನು ತಂದ ಸೊಪ್ಪಿಂದ."

"ಎಲ್ಲಿ ಸೊಪ್ಪು?" ಅಂದೆ.

"ಟೊಮೊಟೊ ಪಕ್ಕದ್ದು."

"ವಾಸ್ನೆ?"

"ವಾಸ್ನೆ ಬಂದಿತ್ತು."

"ಮೊದ್ಲಿಂದ ಹೇಳು," ಅಂದೆ. ಮೊದಲಿನಿಂದ ಹೇಳಿದ.